ಒಂದಡಿ ಎತ್ತರದ ಅಪ್ಪ

ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಊಟ ಮಾಡುವ ಹಾಗಿರಲಿಲ್ಲ. ತಟ್ಟೆ ಇಡಬೇಕಾದ ಜಾಗದಲ್ಲಿ ಒಂದು ಫೋಟೋ ಸ್ಟುಡಿಯೋ ಎದ್ದು ನಿಂತಿರುತ್ತಿತ್ತು. ಹಿಂದುಗಡೆ ಬೆಟ್ಟ, ಕೊಳ, ಎರಡು ಹಂಸ ಬರೆದ ಪರದೆ. ಅದರ ಮುಂದೆ ಗಿರಾಕಿ ಕೂರುವ ಕುರ್ಚಿ, ಪಕ್ಕದಲ್ಲಿ ಕುಂಡದ ಗಿಡ. ಎದುರಿಗೆ ಮರದ ಸ್ಟ್ಯಾಂಡಿನ ಮೇಲೆ ಕಪ್ಪು ಬಟ್ಟೆ ಹೊದ್ದ ದೊಡ್ಡ ಕ್ಯಾಮೆರಾ. ಎಲ್ಲವೂ ಅಸಲಿನ ಆರರಲ್ಲಿ ಒಂದು ಪಾಲು. ಆರಡಿ ಆಳು ಇಲ್ಲಿ ಒಂದಡಿ ಗೊಂಬೆ, ಅಷ್ಟೇ ಲೆಕ್ಕ. ಈ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅಕ್ಕನಿಗೆ ಸೇರುತ್ತಿರಲಿಲ್ಲ. ನಿವೃತ್ತಿಯಾಗುವ ತನಕ ಅವಳು ಹಲ್ಲಿನ ಲ್ಯಾಬಿನಲ್ಲಿ ಕೂತು ಊರಿನವರಿಗೆಲ್ಲ ಕಟ್ಟುಹಲ್ಲು ಮಾಡಿಕೊಟ್ಟವಳು. ಅಲ್ಲಿ ಕೂದಲೆಳೆ ಹೆಚ್ಚಾದರೆ ಗಿರಾಕಿ ಬಾಯಿ ಮುಚ್ಚಲಾಗದೆ ವಾಪಸು ಬರುತ್ತಿದ್ದ, ಬಾಯಿ ಮುಚ್ಚಲಾಗದವನಿಂದ ಬೈಸಿಕೊಳ್ಳುವುದು ಸುಲಭದ ಮಾತಲ್ಲ.

ತಮ್ಮ ಸಿಟಿ ಬಸ್ಸಿನ ಡ್ರೈವರು. ಗೊಂಬೆಗಳ ಸಹವಾಸ ಶುರುವಾದದ್ದೇ ಅವನ ಬಸ್ಸಿನಿಂದ. ಯಾವುದೋ ಮಗು ಹಿಂದಿನ ಸೀಟಿನಲ್ಲಿ ಒಂದು ಕಮಾಂಡೋ ಗೊಂಬೆಯನ್ನು ಬಿಟ್ಟು ಇಳಿದುಹೋಗಿತ್ತು. ಮೊಣಕೈ, ಮೊಣಕಾಲು, ಬೆರಳು ಎಲ್ಲ ಬಾಗುವ ದುಬಾರಿ ಗೊಂಬೆ, ಆದರೆ ತಲೆಯೇ ಇರಲಿಲ್ಲ. ಡಿಪೋದಲ್ಲಿ ಬಹಳ ದಿನ ಇಟ್ಟುಕೊಂಡು ಕಾದರೂ ಯಾರೂ ಕೇಳಿಕೊಂಡು ಬರಲಿಲ್ಲ. ತಲೆ ಇಲ್ಲ ಅಂದ ಮೇಲೆ ಮ್ಯಾನೇಜರ್ ಮಾಡಬಹುದಲ್ಲ ಎಂದು ಅಲ್ಲಿ ಯಾರೋ ಅಂದರು. ಆ ಮಾತನ್ನೇ ಹಿಡಿದುಕೊಂಡು ತಮ್ಮ ಗೊಂಬೆಯನ್ನು ಅಕ್ಕನ ಹತ್ತಿರ ತಂದ. ಅಕ್ಕ ವಸಡು ಮಾಡುವ ಗುಲಾಬಿ ಮೇಣದಲ್ಲಿ ಡಿಪೋ ಮ್ಯಾನೇಜರನ ತಲೆ ತಿದ್ದಿ, ಎರಕ ಹೊಯ್ದು, ಬಣ್ಣ ಹಚ್ಚಿ ಕತ್ತಿನ ಮೇಲೆ ಕೂರಿಸಿದಳು. ಮ್ಯಾನೇಜರು ರಟ್ಟಿನ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿರುವ ಫೋಟೋ ಡಿಪೋದ ಎಲ್ಲರ ಫೋನಿಗೂ ಹೋಯಿತು. ಕೊನೆಗೆ ಮ್ಯಾನೇಜರಿಗೂ ಸಿಕ್ಕಿತು. ಮೂಗು ಸ್ವಲ್ಪ ದಪ್ಪ ಆಯಿತು ಎಂದಷ್ಟೇ ಅವರು ಹೇಳಿದರಂತೆ.

ಅಲ್ಲಿಂದ ಮುಂದೆ ಇಬ್ಬರಿಗೂ ಹುಚ್ಚು ಹಿಡಿಯಿತು. ಎಲ್ಲೆಲ್ಲಿಂದಲೋ ಹಳೆಯ ಗೊಂಬೆಗಳು ಬಂದವು. ಬಂದೂಕು ಹಿಡಿದು ಬಂದ ವೀರರೆಲ್ಲ ಈ ಮನೆಗೆ ಕಾಲಿಟ್ಟ ಮೇಲೆ ಗುಮಾಸ್ತರಾದರು, ಮದುಮಗನಾದರು, ಪರೀಕ್ಷೆ ಪಾಸಾದ ಹುಡುಗರಾದರು. ತಮ್ಮನ ಹೆಂಡತಿ ಹಳೆಯ ಅಂಗಿ ಬಿಚ್ಚಿ ಅವರಿಗೆ ಬಟ್ಟೆ ಹೊಲಿದುಕೊಟ್ಟಳು. ಗೇಣುದ್ದದ ಪ್ಯಾಂಟಿಗೂ ಜೇಬು ಬೇಕು ಎಂದು ಅಕ್ಕ ಹಟ ಹಿಡಿದಾಗ, ಅದರಲ್ಲಿ ಏನು ಇಟ್ಟುಕೊಳ್ಳುತ್ತಾರೆ ಅತ್ತಿಗೆ ಎಂದು ಗೊಣಗಿದಳು. ಗೊಣಗಿದರೂ ಜೇಬು ಇಟ್ಟಳು.

ಅವರಿಬ್ಬರೂ ಕಟ್ಟುತ್ತಿದ್ದದ್ದು ಅಪ್ಪನ ಸ್ಟುಡಿಯೋವನ್ನು. ಆ ಸ್ಟುಡಿಯೋ ಎಂದೋ ಹೋಯಿತು, ಅದಿದ್ದ ಕಟ್ಟಡದಲ್ಲಿ ಈಗ ಟೈರು ಮಾರುತ್ತಾರೆ. ಆದರೆ ಅಲ್ಲಿಯ ತಮಾಷೆಗಳು ಅಕ್ಕನ ಬಾಯಲ್ಲಿ ಇನ್ನೂ ಬಿಸಿಬಿಸಿಯಾಗಿದ್ದವು. ಸ್ಟುಡಿಯೋದಲ್ಲಿ ಗಿರಾಕಿಗಳಿಗೆಂದು ಇದ್ದದ್ದು ಒಂದೇ ಕೋಟು, ಅದೂ ಪೈಲ್ವಾನನ ಅಳತೆಯದು. ಕಡ್ಡಿಯಂಥ ಗುಮಾಸ್ತ ಬಂದರೂ ಅದನ್ನೇ ತೊಡಬೇಕು. ಅಪ್ಪ ಬೆನ್ನ ಹಿಂದೆ ಕೋಟನ್ನು ಒಟ್ಟುಗೂಡಿಸಿ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಮುಂದಿನಿಂದ ನೋಡಿದರೆ ಜಿಲ್ಲಾಧಿಕಾರಿ, ಹಿಂದಿನಿಂದ ನೋಡಿದರೆ ಬಟ್ಟೆ ಒಣಹಾಕಿದ ಹಗ್ಗ. ಅಪ್ಪ ಜೀವಮಾನವೆಲ್ಲ ಮುಂದಿನಿಂದ ತೆಗೆದರು, ಮಕ್ಕಳು ಅದೇ ದೃಶ್ಯವನ್ನು ಹಿಂದಿನಿಂದ ತೆಗೆದರು. ಸೀನು ಬಂದು ಅಂಟಿಸಿದ ಮೀಸೆ ಹಾರಿಹೋದ ಮದುಮಗ, ಫ್ಲಾಷಿಗೆ ಹೆದರಿ ಹೆಂಡತಿಯ ಬೆನ್ನ ಹಿಂದೆ ಅಡಗಿದ ಪೈಲ್ವಾನ, ಒಂಬತ್ತು ಜನರ ಸಂಸಾರದಲ್ಲಿ ಎಲ್ಲರೂ ನೆಟ್ಟಗಿರುವಾಗ ಸರಿಯಾಗಿ ಆಕಳಿಸುವ ಒಬ್ಬ ಅಜ್ಜ, ಹೀಗೆ ವಾರಕ್ಕೊಂದು ಚಿತ್ರ ನೆಂಟರಿಷ್ಟರಿಗೆಲ್ಲ ಹೋಗುತ್ತಿತ್ತು. ಹಳಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡೆವು ಎಂದು ಬರೆಯುತ್ತಿದ್ದರು.

ಪ್ರತಿ ಚಿತ್ರದಲ್ಲೂ ಕ್ಯಾಮೆರಾದ ಹಿಂದೆ ಅಪ್ಪ ಇದ್ದೇ ಇರುತ್ತಿದ್ದರು. ಒಂದಡಿ ಎತ್ತರದ, ಅಗಲ ಎದೆಯ ಅಪ್ಪ.

ಅಪ್ಪ ಹೋದಾಗ ಅಕ್ಕನಿಗೆ ಏಳು ವರ್ಷ. ತಮ್ಮ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಹಾಗಾಗಿ ತಮ್ಮನಿಗೆ ಅಪ್ಪ ಎಂದರೆ ಅಕ್ಕ ಹೇಳಿದಷ್ಟೇ. ಊರಿನವರ ಫೋಟೋಗಳನ್ನೆಲ್ಲ ತೆಗೆದ ಮನುಷ್ಯನದು ಮನೆಯಲ್ಲಿ ಇದ್ದದ್ದು ಒಂದೇ ಫೋಟೋ, ಮದುವೆಯದು. ಅದರಲ್ಲಿ ಅವರು ಕುರ್ಚಿಯಲ್ಲಿ ಕೂತಿದ್ದಾರೆ, ಅಮ್ಮ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿಗೆ ಕೈಯಿಟ್ಟಿದ್ದಾಳೆ. ಮಗ ದಿಂಬಿನ ಮೇಲೆ ಬೋರಲು ಮಲಗಿರುವ ಫೋಟೋ ಕೂಡ ಒಂದಿದೆ, ಆದರೆ ಅದನ್ನು ತೆಗೆದವರು ಅಪ್ಪ. ಅವರು ಚಿತ್ರದ ಹೊರಗೇ ಉಳಿದರು. ಅಪ್ಪ ಮಗ ಇಬ್ಬರೂ ಒಟ್ಟಿಗಿರುವ ಒಂದೇ ಒಂದು ಫೋಟೋ ಈ ಭೂಮಿಯ ಮೇಲೆ ಇರಲಿಲ್ಲ.

ಅಕ್ಕ ಹೇಳುತ್ತಿದ್ದ ಅಪ್ಪ ಬಾಗಿಲೆತ್ತರದ ಆಳು. ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಗೆ ಹೋಗುವಾಗ ಚೌಕಟ್ಟಿಗೆ ತಲೆ ಠಣ್ ಎಂದು ಬಡಿದದ್ದು, ಕೂತಿದ್ದ ಗಿರಾಕಿಗಳೆಲ್ಲ ಎದ್ದು ನಿಂತದ್ದು, ಅಪ್ಪನಿಗೆ ಎಷ್ಟು ನೋವಾಯಿತೋ ಎಂದು ತಾನು ಬಿಕ್ಕಿಬಿಕ್ಕಿ ಅತ್ತದ್ದು, ಪಾಪ ಅವರೇ ತನ್ನನ್ನು ಸಮಾಧಾನ ಮಾಡಿದ್ದು, ಎಲ್ಲವೂ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ದೃಶ್ಯವನ್ನೂ ಅವರು ಗೊಂಬೆಗಳಲ್ಲಿ ಮಾಡಿದ್ದರು, ಅಪ್ಪನ ನೆತ್ತಿಯ ಮೇಲೆ ಕೆಂಪು ಮೇಣದ ಬೋರೆ ಸಮೇತ. ಅದು ಎಲ್ಲರಿಗೂ ಹಿಡಿಸಿದ ಚಿತ್ರ.

ಅಪ್ಪನ ಅಸಲಿ ಕ್ಯಾಮೆರಾ ಅಕ್ಕನ ಕೋಣೆಯ ಮೂಲೆಯಲ್ಲಿ ಇನ್ನೂ ಸ್ಟ್ಯಾಂಡಿನ ಮೇಲೇ ನಿಂತಿತ್ತು. ಅದರ ಹಿಂದುಮುಂದಿನ ಗಾಜುಗಳನ್ನು ಅಮ್ಮ ಎಂದೋ ಮಾರಿದ್ದಳು, ಕ್ಯಾಮೆರಾದ ಮರದ ಮೈ ಉಳಿದಿತ್ತು. ಸ್ಟ್ಯಾಂಡಿನ ತಿರುಪು ತುಕ್ಕು ಹಿಡಿದು, ಅಪ್ಪ ಕೊನೆಗೆ ಇಟ್ಟ ಎತ್ತರದಲ್ಲೇ ಕಚ್ಚಿಕೊಂಡಿತ್ತು. ಅಕ್ಕ ಅದನ್ನು ಅಳೆದು ಆರರಲ್ಲಿ ಒಂದು ಪಾಲು ಮಾಡಿದ್ದಳು. ಅದರ ಮುಂದೆ ಅಪ್ಪನ ಗೊಂಬೆ ನಿಲ್ಲಿಸಿದರೆ ಗೊಂಬೆ ಬಗ್ಗಬೇಕಾಗುತ್ತಿತ್ತು. ಹೀಗಾಗಿ ಯಾವ ಚಿತ್ರ ನೋಡಿದರೂ ಅಪ್ಪನ ಮುಖಕ್ಕಿಂತ ಹಿಂಭಾಗವೇ ಎದ್ದು ಕಾಣುತ್ತಿತ್ತು. ಅದಕ್ಕೇ ಅವರಿಗೆ ಬೆನ್ನು ನೋವು ಇತ್ತು ಅನಿಸುತ್ತದೆ, ಎತ್ತರದವರ ಕಷ್ಟ ನಮಗೇನು ಗೊತ್ತು ಎಂದು ಅಕ್ಕ ಅನ್ನುತ್ತಿದ್ದಳು.

ನಮಗೇನು ಗೊತ್ತು ಎಂಬ ಮಾತು ಅಕ್ಕನಿಗೆ ಅಷ್ಟಾಗಿ ಸಲ್ಲುತ್ತಿರಲಿಲ್ಲ. ಅವಳು ಅಮ್ಮನ ಹಾಗೆ ನೀಳವಾಗಿದ್ದಳು. ಸಲ್ಲುತ್ತಿದ್ದದ್ದು ತಮ್ಮನಿಗೆ. ಅವನು ಐದಡಿಗೆ ಇನ್ನೊಂದು ಬೆರಳು ಸೇರಿಸಿದಷ್ಟು ಇದ್ದ. ಡಿಪೋದಲ್ಲಿ ಅವನ ಹೆಸರು ಅರ್ಧ ಟಿಕೆಟ್. ಅವನ ಬಸ್ಸನ್ನು ಎದುರಿನಿಂದ ನೋಡಿದವರಿಗೆ ಬಸ್ಸು ತನ್ನಷ್ಟಕ್ಕೆ ತಾನೇ ಬರುತ್ತಿದೆ ಅನ್ನಿಸುತ್ತದೆ ಎಂದು ಕಂಡಕ್ಟರುಗಳು ನಗುತ್ತಿದ್ದರು. ಸೀಟಿನ ಮೇಲೆ ಹಾಕಿಕೊಳ್ಳಲು ಹೆಂಡತಿ ಹೊಲಿದುಕೊಟ್ಟ ದಪ್ಪ ದಿಂಬನ್ನು ಅವನು ಪ್ರತಿದಿನ ಬಗಲಲ್ಲಿ ಹಿಡಿದುಕೊಂಡೇ ಡ್ಯೂಟಿಗೆ ಹೋಗುತ್ತಿದ್ದ. ಅವನೇ ಮೊದಲು ನಕ್ಕುಬಿಡುತ್ತಿದ್ದ, ಬೇರೆಯವರಿಗೆ ನಗಲು ಹೆಚ್ಚೇನೂ ಉಳಿಯಬಾರದು ಎಂಬ ಹಾಗೆ. ಮನೆಯ ಗುಂಪು ಫೋಟೋಗಳಲ್ಲಿ ಮಾತ್ರ ಅವನು ಹಿಂದಿನ ಸಾಲಿನಲ್ಲಿ ತುದಿಗಾಲಲ್ಲಿ ನಿಂತಿರುವುದು ಅಕ್ಕನಿಗೆ ಗೊತ್ತಿತ್ತು.

ಒಂದು ಭಾನುವಾರ, ಪರದೆ ಕಟ್ಟುತ್ತಾ ಕಟ್ಟುತ್ತಾ, ತಮ್ಮ ನಂದೂ ಒಂದು ಮಾಡಕ್ಕ ಎಂದ. ಮಗುವಿನದಲ್ಲ, ಈಗಿರುವ ಹಾಗೇ, ಖಾಕಿ ಬಟ್ಟೆಯಲ್ಲಿ. ಅಪ್ಪನ ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆಯೋಣ ಅಂತ, ಸುಮ್ಮನೆ. ಆ ಸುಮ್ಮನೆ ಎಂಬ ಮಾತಿನ ಹಿಂದೆ ಐವತ್ತು ವರ್ಷದ ಆಸೆ ಇತ್ತು. ಅದು ಅಕ್ಕನಿಗೂ ತಿಳಿಯಿತು, ಅವಳು ತಲೆಯೆತ್ತಿ ನೋಡಲಿಲ್ಲ.

ಅವನ ತಲೆ ತಿದ್ದಲು ಅವಳು ಬೇರೆ ಯಾರಿಗೂ ಕೊಡದಷ್ಟು ಸಮಯ ಕೊಟ್ಟಳು. ಮುಂದಲೆ ಬೋಳಾದದ್ದು, ಬಿಸಿಲಿಗೆ ಕಣ್ಣು ಕಿರಿದುಮಾಡಿ ಮಾಡಿ ಮೂಡಿದ ಗೆರೆ, ಕಿವಿ ಸ್ವಲ್ಪ ಮುಂದಕ್ಕೆ ಬಾಗಿದ್ದು, ಯಾವುದನ್ನೂ ಬಿಡಲಿಲ್ಲ. ಒಂದಡಿ ಗೊಂಬೆಯ ಕಾಲು ಕತ್ತರಿಸಿ ಮತ್ತೆ ಜೋಡಿಸಿ ಎತ್ತರವನ್ನೂ ಸರಿಯಾಗಿ ಇಳಿಸಿದಳು. ಲೆಕ್ಕ ಅಂದರೆ ಲೆಕ್ಕ. ತಮ್ಮನ ಹೆಂಡತಿ ಬೆರಳುಗುರಿನಷ್ಟು ಎದೆಜೇಬು ಹೊಲಿದುಕೊಟ್ಟಳು, ಈ ಸಲ ಗೊಣಗಲಿಲ್ಲ.

ತಮ್ಮ ಬಂದ, ತನ್ನ ಗೊಂಬೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ, ತನ್ನ ಕೈಯಾರೆ ಅಪ್ಪನ ಪಕ್ಕದಲ್ಲಿ ನಿಲ್ಲಿಸಿದ. ಖಾಕಿ ಡ್ರೈವರು ಅಪ್ಪನ ಹೆಗಲಿಗೆ ಬಂದ. ಪಕ್ಕದಲ್ಲಿ ನಿಲ್ಲಿಸಿದರೂ ಹಾಗೇ, ಅರೆ ತಿರುಗಿಸಿದರೂ ಹಾಗೇ. ಅಪ್ಪನ ಕೈಯನ್ನು ಮಗನ ಹೆಗಲಿಗೆ ಹಾಕಲು ಹೋದರೆ ಅದು ತಲೆಯ ಮೇಲೆ ಕೂತಿತು, ಆಶೀರ್ವಾದ ಮಾಡುವ ಹಾಗೆ. ತಮ್ಮ ಫೋನು ತೆಗೆದು ಒಂದು ಫೋಟೋ ಕ್ಲಿಕ್ಕಿಸಿದ. ನೋಡಿದ. ಯಾರೋ ಗಿರಾಕಿ ಮರೆತು ಬಿಟ್ಟುಹೋದ ಮಗು ಥರ ಇದ್ದೀನಿ ಎಂದು ನಕ್ಕ. ಅಕ್ಕನಿಗೂ ನಗು ಬಂತು, ನಕ್ಕಳು. ನಕ್ಕದ್ದು ತಪ್ಪಾಯಿತು ಎಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಅವನು ಆ ಫೋಟೋವನ್ನು ಅಳಿಸಿಬಿಟ್ಟಿದ್ದ.

ಹೊರಡುವಾಗ ಬಾಗಿಲಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಾ, ಮುಖ ಎತ್ತದೆ ಕೇಳಿದ: "ಅಕ್ಕ, ನನಗೆ ಅಪ್ಪಂದು ಏನು ಬಂದಿದೆ?"

ಅಕ್ಕ ನಗು ಎಂದಳು, ಗುಣ ಎಂದಳು, ತಮಾಷೆ ಮಾಡೋದು ಎಂದಳು.

"ಅದೆಲ್ಲ ನೀನು ಹೇಳೋದು. ನಾನು ನೋಡಿಲ್ವಲ್ಲ," ಎಂದ ತಮ್ಮ. "ಕಣ್ಣಿಗೆ ಕಾಣೋದು ಒಂದಾದ್ರೂ ಇದ್ದಿದ್ರೆ ಚೆನ್ನಾಗಿತ್ತು."

ಮುಂದಿನ ಭಾನುವಾರ ಡ್ಯೂಟಿ ಇದೆ ಎಂದ. ಅದರ ಮುಂದಿನ ಭಾನುವಾರವೂ ಡ್ಯೂಟಿ. ಬಸ್ಸುಗಳು ಭಾನುವಾರ ಕಡಿಮೆ ಓಡುತ್ತವೆ ಎಂಬುದು ಅಕ್ಕನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅವಳು ಒಬ್ಬಳೇ ಪರದೆ ಕಟ್ಟಿದಳು, ಗುಮಾಸ್ತನಿಗೆ ಕೋಟು ತೊಡಿಸಿ ಕ್ಲಿಪ್ಪು ಸಿಕ್ಕಿಸಿದಳು. ನಗು ಬರಲಿಲ್ಲ. ತಮಾಷೆಯನ್ನು ಒಬ್ಬರೇ ಮಾಡಿಕೊಳ್ಳುವುದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿಲ್ಲ. ಖಾಕಿ ಡ್ರೈವರು ಕಪಾಟಿನ ಮೇಲೆ ಗೋಡೆಗೆ ಮುಖ ಮಾಡಿ ನಿಂತಿದ್ದ. ತಮ್ಮನೇ ಹೋಗುವಾಗ ಹಾಗೆ ನಿಲ್ಲಿಸಿ ಹೋಗಿದ್ದ. ಅವನನ್ನು ಈ ಕಡೆಗೆ ತಿರುಗಿಸಲು ಅಕ್ಕನಿಗೆ ಧೈರ್ಯ ಸಾಲಲಿಲ್ಲ. ಇಲ್ಲದ ಅಪ್ಪನನ್ನು ತಮ್ಮನಿಗೆ ಕಟ್ಟಿಕೊಡಲು ಹೋಗಿ ಇರುವ ತಮ್ಮನನ್ನೇ ದೂರ ಮಾಡಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಇಷ್ಟರಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಅಮ್ಮ ಅಕ್ಕನ ಜೊತೆಯಲ್ಲೇ ಇದ್ದಳು. ನಾಲ್ಕೈದು ವರ್ಷದಿಂದ ಅವಳಿಗೆ ಎಲ್ಲವೂ ಮಂಜು ಮಂಜು. ಊಟದ ಮೇಜಿನ ಮೇಲಿನ ಸ್ಟುಡಿಯೋ ಅವಳ ಪಾಲಿಗೆ ತಟ್ಟೆ ಇಡಲು ಬಿಡದ ಒಂದು ಗುಡ್ಡೆ, ಅಷ್ಟೇ. ಮೊಮ್ಮಕ್ಕಳು ಕೆಲಸಕ್ಕೆ ಹೋಗೋ ಕಾಲದಲ್ಲಿ ಇವರಿಗೆ ಗೊಂಬೆ ಆಟ ಎಂದು ಮೂಗು ಮುರಿಯುತ್ತಿದ್ದಳು. ಅಕ್ಕ ಅಪ್ಪನ ಕಥೆ ಹೇಳಲು ಶುರು ಮಾಡಿದರೆ ಮಾತ್ರ ಸುಮ್ಮನೆ ಕೂತು ಕೇಳುತ್ತಿದ್ದಳು, ಒಂದು ಮಾತು ಸೇರಿಸುತ್ತಿರಲಿಲ್ಲ, ಒಂದು ಮಾತು ತೆಗೆಯುತ್ತಿರಲಿಲ್ಲ. ಹಿಂದೊಮ್ಮೆ ಅದೇ ಸ್ಟುಡಿಯೋದಲ್ಲಿ ಕೂತು ಕಪ್ಪುಬಿಳುಪು ಫೋಟೋಗಳ ಕೆನ್ನೆಗೆ ತುಟಿಗೆ ಸಣ್ಣ ಕುಂಚದಿಂದ ಬಣ್ಣ ತುಂಬುತ್ತಿದ್ದವಳು ಅವಳೇ. ಅಪ್ಪ ಹೋದ ಮೇಲೆ ಬಟ್ಟೆ ಕಾರ್ಖಾನೆ ಸೇರಿ ಇಬ್ಬರನ್ನೂ ಸಾಕಿದಳು, ಕುಂಚ ಮತ್ತೆ ಹಿಡಿಯಲಿಲ್ಲ.

ಕಟ್ಟು ಬಿಚ್ಚುವ ದಿನ ಅಮ್ಮನನ್ನು ಕರೆದುಕೊಂಡು ಬರಲು ತಮ್ಮ ರಜೆ ಹಾಕಿದ. ಅಮ್ಮನಿಗಾದರೆ ಡ್ಯೂಟಿಯ ನೆಪ ನಡೆಯುವುದಿಲ್ಲ. ಮನೆಗೆ ಬಂದ ಅಮ್ಮ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಫ್ಯಾನಿನ ಮೇಲಿನ ಧೂಳು, ಗೋಡೆಯ ಬಿರುಕು, ಅಕ್ಕನ ಬಿಳಿ ಕೂದಲು, ಒಂದೊಂದಕ್ಕೂ ಒಂದೊಂದು ಮಾತು ಅಂದಳು. ಆಮೇಲೆ ಊಟದ ಮೇಜಿನ ಹತ್ತಿರ ಬಂದು ನಿಂತಳು. ಪರದೆಯ ಹಂಸ ನೋಡಿದಳು, ಕುರ್ಚಿ ನೋಡಿದಳು, ಗುಮಾಸ್ತನ ಬೆನ್ನಿನ ಕ್ಲಿಪ್ಪು ನೋಡಿ ಮೂಗಿನಲ್ಲೇ ನಕ್ಕಳು. ಹಾಗೇ ತಿರುಗಿದವಳಿಗೆ ಕಪಾಟಿನ ಮೇಲೆ ಗೋಡೆ ನೋಡುತ್ತಾ ನಿಂತ ಖಾಕಿ ಗೊಂಬೆ ಕಂಡಿತು. ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇವರಿಗ್ಯಾಕೆ ಡ್ರೈವರ್ ಬಟ್ಟೆ ಹಾಕಿದೀರಿ?" ಎಂದಳು ಕೊನೆಗೆ. "ಕೂದಲು ಬೇರೆ ಉದುರಿಸಿದೀರಿ."

"ಯಾರಿಗಮ್ಮ?" ಎಂದಳು ಅಕ್ಕ.

"ನಿಮ್ಮಪ್ಪಂಗೆ."

ಅಕ್ಕ ಹತ್ತಿರ ಹೋಗಿ, ಅದು ಅಪ್ಪ ಅಲ್ಲ, ಇಲ್ಲಿ ನಿಂತಿದಾನಲ್ಲ ನಿನ್ನ ಮಗ, ಇವನು ಎಂದು ಮೆಲ್ಲಗೆ ಹೇಳಿದಳು. ಅಪ್ಪ ಇಲ್ಲಿದ್ದಾರೆ ನೋಡು ಎಂದು ಕ್ಯಾಮೆರಾದ ಹಿಂದೆ ಬಗ್ಗಿ ನಿಂತಿದ್ದ ಒಂದಡಿ ಗೊಂಬೆಯನ್ನು ಎತ್ತಿ ಅವಳ ಇನ್ನೊಂದು ಕೈಗೆ ಕೊಟ್ಟಳು. ಅಮ್ಮ ಆ ಕೈ ನೋಡಿದಳು, ಈ ಕೈ ನೋಡಿದಳು.

"ಮುಖ ಅವರದೇ. ಈ ಉದ್ದ ಎಲ್ಲಿಂದ ಬಂತು ಇವರಿಗೆ?" ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಎರಡು ಗೊಂಬೆಗಳನ್ನೂ ಮೇಜಿನ ಮೇಲಿಟ್ಟು, ಬಿಸಿಲು ಕಣ್ಣಿಗೆ ಹೊಡೀತಿದೆ ಎಂದು ಕಪ್ಪು ಕನ್ನಡಕ ಇಳಿಸಿಕೊಂಡು ಕೂತುಬಿಟ್ಟಳು.

ಬಿಸಿಲು ಹೊಡೆಯುವ ಮಾತಿಗೆ ಮೋಸ ಹೋಗುವವರು ಅಲ್ಲಿ ಯಾರೂ ಇರಲಿಲ್ಲ. ತಮ್ಮ ಬಂದು ಅಮ್ಮನ ಕಾಲ ಬುಡದಲ್ಲಿ ಕೂತ. ಅಪ್ಪ ಎಷ್ಟು ಎತ್ತರ ಇದ್ದರು ಎಂದು ಕೇಳಿದ. ಅಮ್ಮ ಗೋಡೆಯ ಮೇಲಿನ ಮದುವೆ ಫೋಟೋದ ಕಡೆ ಮುಖ ಮಾಡಿದಳು, ಅಪ್ಪಣೆ ಕೇಳುವವಳ ಹಾಗೆ. ಹೇಳಬೇಡ ಅಂದಿದ್ದರು ಎಂದಳು. ಯಾರು ಎಂದರೆ ಅವರೇ ಎಂದಳು. ಎತ್ತರದ ಮಾತು ಬಂದರೆ ಅವರಿಗೆ ಆಗುತ್ತಿರಲಿಲ್ಲವಂತೆ. ಮದುವೆಯ ಫೋಟೋದಲ್ಲಿ ತಾನು ಕೂರುವುದು, ಹೆಂಡತಿ ನಿಲ್ಲುವುದು ಎಂದು ಅವರೇ ನಿರ್ಧಾರ ಮಾಡಿದ್ದರಂತೆ. ಆಮೇಲೆ ತಾನು ಇರುವ ಫೋಟೋ ಬೇಡವೇ ಬೇಡ ಎಂದು ಕ್ಯಾಮೆರಾದ ಹಿಂದೆಯೇ ಉಳಿದುಬಿಟ್ಟರಂತೆ.

"ಎಷ್ಟಿದ್ರು ಹೇಳಮ್ಮ," ಎಂದ ತಮ್ಮ.

ಅಮ್ಮ ಅವನ ಬೋಳು ತಲೆಯ ಮೇಲೆ ಕೈಯಿಟ್ಟಳು. "ನಿನ್ನಷ್ಟೇ ಕಣೋ. ನಿನ್ನ ಮದುವೆಗೆ ಮುಂಚೆ ನಿನ್ನ ಅಂಗಿ ಒಗೆದು ಮಡಚ್ತಾ ಇದ್ನಲ್ಲ, ಆವಾಗೆಲ್ಲ ಅವರ ಅಂಗಿನೇ ಮಡಚ್ತಾ ಇದೀನಿ ಅನ್ಸೋದು. ಅದೇ ತೋಳು, ಅದೇ ಉದ್ದ."

ಅಕ್ಕನಿಗೆ ನಂಬಿಕೆ ಬರಲಿಲ್ಲ, ನಿಜ ಹೇಳಬೇಕೆಂದರೆ ಸಿಟ್ಟೇ ಬಂತು. ಹಾಗಾದರೆ ಇಷ್ಟು ವರ್ಷ ನಾನು ಹೇಳುವಾಗ ಯಾಕೆ ಸುಮ್ಮನೆ ಕೂತಿದ್ದೆ ಎಂದು ಅಮ್ಮನನ್ನೇ ತರಾಟೆಗೆ ತೆಗೆದುಕೊಂಡಳು. ಅಮ್ಮ ಹೇಳಿದಳು, ನೀನು ಅಷ್ಟು ಚೆಂದ ಹೇಳುತ್ತಿದ್ದೆ, ಅವರಿಗೆ ಇದ್ದಾಗ ಬೆಳೆಯಲು ಆಗಲಿಲ್ಲ ಪಾಪ, ನಿನ್ನ ಬಾಯಲ್ಲಾದರೂ ಬೆಳೆಯಲಿ ಅಂತ ಬಿಟ್ಟೆ. ಇವನು ಅದಕ್ಕೆ ಒಳಗೊಳಗೇ ಕೊರಗುತ್ತಾನೆ ಅಂತ ನನಗೇನು ಗೊತ್ತು. ಅಕ್ಕ ಸೋಲಲಿಲ್ಲ. ಕತ್ತಲೆ ಕೋಣೆಯ ಬಾಗಿಲು ಎಂದಳು. ತಲೆ ಬಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಚೌಕಟ್ಟು ಹತ್ತಿರ ಹತ್ತಿರ ಬಂದದ್ದು, ಠಣ್ ಅಂದದ್ದು, ಎಲ್ಲ ನೆನಪಿದೆ ಎಂದಳು.

ಅಮ್ಮ ಕನ್ನಡಕ ತೆಗೆದಳು. ಅಕ್ಕನನ್ನು ಹತ್ತಿರ ಕರೆದು ಬಗ್ಗಿಸಿ, ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಬಿಡಿಸಿದಳು. ಅಲ್ಲಿ ಕೂದಲ ಬುಡದಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು. ಆಡುವಾಗ ಎಲ್ಲೋ ಬಿದ್ದದ್ದಿರಬೇಕು ಎಂದು ಅಕ್ಕ ತಿಳಿದುಕೊಂಡಿದ್ದ ಗೆರೆ.

"ಬಡಿದಿದ್ದು ನಿನ್ನ ತಲೆ," ಎಂದಳು ಅಮ್ಮ. "ನೀನು ಅವರ ಹೆಗಲ ಮೇಲೆ ಕೂತಿದ್ದೆ. ಯಾವಾಗ್ಲೂ ಅಲ್ಲೇ ಕೂತಿರ್ತಿದ್ದೆ."

ಚೌಕಟ್ಟು ಹತ್ತಿರ ಬಂದದ್ದು ಅಕ್ಕನಿಗೆ ಈಗಲೂ ಕಾಣುತ್ತಿತ್ತು, ಕಣ್ಣಿನ ನೇರಕ್ಕೆ, ಬಣ್ಣ ಎದ್ದ ಮರದ ಒಂದೊಂದು ಗೀರು ಸಮೇತ. ಕೆಳಗೆ ನಿಂತ ಮಗುವಿಗೆ ಅದು ಅಷ್ಟು ಹತ್ತಿರದಿಂದ ಕಾಣಲು ಸಾಧ್ಯವಿರಲಿಲ್ಲ. ಅಳುತ್ತಿದ್ದದ್ದು ತಾನೇ, ಸಮಾಧಾನ ಮಾಡಿದ್ದು ಅಪ್ಪ, ಅದಕ್ಕೆ. ಕೂದಲೆಳೆ ಲೆಕ್ಕ ತಪ್ಪದ ಅಕ್ಕ ಅಪ್ಪನ ಎತ್ತರಕ್ಕೆ ತನ್ನ ಎತ್ತರವನ್ನೂ ಸೇರಿಸಿ ಐವತ್ತು ವರ್ಷ ಎಣಿಸಿದ್ದಳು. ಅವಳು ಅಪ್ಪನ ಹೆಗಲಿನಿಂದ ಇಳಿದೇ ಇರಲಿಲ್ಲ. ಅವಳಿಗೆ ಅಳು ಬಂತು, ಏಳು ವರ್ಷದವಳ ಹಾಗೇ ಅತ್ತಳು. ಅಮ್ಮ ಆ ಗೆರೆಯ ಮೇಲೆ ಬೆರಳಾಡಿಸುತ್ತಾ ಕೂತಳು.

ತಮ್ಮ ಮಾತ್ರ ಮೇಜಿನ ಮೇಲಿನ ಸಣ್ಣ ಕ್ಯಾಮೆರಾವನ್ನೇ ನೋಡುತ್ತಿದ್ದ. ಅವನಿಗೆ ಬೇರೆಯೇ ಸಂಶಯ. ಅಪ್ಪ ಅಷ್ಟು ಗಿಡ್ಡ ಇದ್ದರೆ ಈ ಎತ್ತರದ ಕ್ಯಾಮೆರಾದಲ್ಲಿ ಹೇಗೆ ನೋಡುತ್ತಿದ್ದರು ಎಂದು ಕೇಳಿದ. ಕ್ಯಾಮೆರಾ ಇಳಿಸಿಕೊಳ್ಳಬಹುದಿತ್ತಲ್ಲ.

ಇಳಿಸಿದರೆ ಗಿರಾಕಿಗಳ ಮೂಗಿನ ಹೊಳ್ಳೆ ಕಾಣುತ್ತದೆ ಅನ್ನುತ್ತಿದ್ದರು ಎಂದು ಅಮ್ಮ ನಕ್ಕಳು. ಆಮೇಲೆ ಸ್ಟುಡಿಯೋದ ಮೂಲೆಯಲ್ಲಿಟ್ಟಿದ್ದ ಬೆಂಕಿಪೊಟ್ಟಣದಷ್ಟು ಮರದ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಗಿರಾಕಿಗಳ ಮಕ್ಕಳನ್ನು ಕೂರಿಸಲು ಇಟ್ಟಿದ್ದ ಪೆಟ್ಟಿಗೆ ಎಂದು ಅಕ್ಕ ಅದನ್ನು ಪ್ರತಿ ಚಿತ್ರದಲ್ಲೂ ಮೂಲೆಯಲ್ಲೇ ಇಡುತ್ತಿದ್ದಳು. ಅಮ್ಮ ಅದನ್ನು ಕ್ಯಾಮೆರಾದ ಹಿಂದೆ ಇಟ್ಟು, ಅದರ ಮೇಲೆ ಖಾಕಿ ಡ್ರೈವರನ್ನು ನಿಲ್ಲಿಸಿದಳು. ಅವನ ಕಣ್ಣು ಕ್ಯಾಮೆರಾದ ಹಿಂದಿನ ಗಾಜಿಗೆ ಸರಿಯಾಗಿ ಬಂತು. ಗೊಂಬೆ ಬಗ್ಗಬೇಕಾಗಲಿಲ್ಲ.

ಅಸಲಿ ಪೆಟ್ಟಿಗೆ ಬಾಲ್ಕನಿಯಲ್ಲಿತ್ತು, ಅಮ್ಮನ ಹೂವಿನ ಕುಂಡಗಳನ್ನು ಹೊತ್ತುಕೊಂಡು. ತಮ್ಮ ಹೋಗಿ ಕುಂಡಗಳನ್ನು ಇಳಿಸಿದ, ಪೆಟ್ಟಿಗೆಯನ್ನು ಒಳಗೆ ತಂದ, ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿದ. ಮೇಲಿನ ಹಲಗೆಯಲ್ಲಿ ಎರಡು ಕಡೆ ಮರ ಸವೆದು ತಗ್ಗಾಗಿತ್ತು. ಹೊರಗಿನ ಅಳತೆ ತೆಗೆದ ಅಕ್ಕ ಕುಂಡಗಳ ಅಡಿಯಲ್ಲಿ ಏನಿದೆ ಎಂದು ಎತ್ತಿ ನೋಡಿರಲಿಲ್ಲ. ಕೂತು ಸವೆದ ಜಾಗ ಒಂದೇ ಇರುತ್ತದೆ. ಇವು ಎರಡು ಇದ್ದವು, ಪಕ್ಕಪಕ್ಕದಲ್ಲಿ, ಪಾದದ ಆಕಾರದಲ್ಲಿ.

ತಮ್ಮ ಪೆಟ್ಟಿಗೆಯನ್ನು ಅಕ್ಕನ ಕೋಣೆಗೆ ಎತ್ತಿಕೊಂಡು ಹೋಗಿ ಅಪ್ಪನ ಕ್ಯಾಮೆರಾದ ಹಿಂದೆ ಇಟ್ಟ. ಕಾಲುಚೀಲ ಬಿಚ್ಚಿ ಹತ್ತಿ ನಿಂತ. ಅವನ ಪಾದಗಳು ಆ ತಗ್ಗುಗಳಲ್ಲಿ ಕೂತವು. ಎದುರಿಗೆ ಕ್ಯಾಮೆರಾದ ಹಿಂದಿನ ಚೌಕಟ್ಟು ಅವನ ಕಣ್ಣಿನ ನೇರಕ್ಕಿತ್ತು. ಬಗ್ಗುವುದು ಬೇಕಾಗಲಿಲ್ಲ, ತುದಿಗಾಲಲ್ಲಿ ನಿಲ್ಲುವುದೂ ಬೇಕಾಗಲಿಲ್ಲ. ಗಾಜಿಲ್ಲದ ಕ್ಯಾಮೆರಾದಲ್ಲಿ ನೋಡಲು ಏನೂ ಇರಲಿಲ್ಲ, ಎದುರಿನ ಗೋಡೆ ಬಿಟ್ಟರೆ. ಆದರೂ ಅವನು ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ಒಳಗೇ ಬಹಳ ಹೊತ್ತು ನಿಂತ. ಬಾಗಿಲಲ್ಲಿ ನಿಂತ ಅಮ್ಮ, ಅಕ್ಕ ಇಬ್ಬರೂ ಅವನನ್ನು ಕರೆಯಲಿಲ್ಲ.

ಮುಂದಿನ ಭಾನುವಾರ ಡ್ಯೂಟಿ ಇರಲಿಲ್ಲ. ಅಕ್ಕ ಹಲ್ಲು ಕೊಯ್ಯುವ ಗರಗಸ ಹಿಡಿದು ಅಪ್ಪನ ಕಾಲು ಕತ್ತರಿಸಲು ಕೂತಳು. ಅಪ್ಪನ ಕಾಲು ಕತ್ತರಿಸಿದ ಮಗಳು ಅಂತ ನೆಂಟರಿಗೆಲ್ಲ ಹೇಳುತ್ತೇನೆ ಎಂದು ತಮ್ಮ ಕಾಡಿಸಿದ. ಅಳತೆಗೆ ಅವನನ್ನೇ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಿಂದ ಗುರುತು ಹಾಕಿದರು. ಎದೆಯ ಅಗಲ ಇಳಿಸಿದರು, ನೆತ್ತಿಯ ಬೋರೆ ಕೆರೆದು ತೆಗೆದರು. ಹುಬ್ಬು ಸರಿಯಾಗಿಲ್ಲ ಎಂದು ಅಮ್ಮ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳುವ ಬದಲು ಕುಂಚ ಕಿತ್ತುಕೊಂಡು ತಾನೇ ತಿದ್ದಿದಳು. ಐವತ್ತು ವರ್ಷ ಕುಂಚ ಹಿಡಿಯದ ಕೈ ಒಂದು ಗೆರೆಯನ್ನೂ ತಪ್ಪಲಿಲ್ಲ. ತುಟಿಗೂ ಒಂದಿಷ್ಟು ಕೆಂಪು ಹಚ್ಚಿದಳು. ಅವರು ಅಷ್ಟು ಕೆಂಪಗಿದ್ದರಾ ಎಂದು ಅಕ್ಕ ಕೇಳಿದ್ದಕ್ಕೆ, ನಿನಗೇನು ಗೊತ್ತು ಎಂದಳು.

ಚಿತ್ರ ಹೀಗೆ ಕಟ್ಟಿದರು. ಕ್ಯಾಮೆರಾದ ಪಕ್ಕದಲ್ಲಿ ಪೆಟ್ಟಿಗೆ, ಅದರ ಮೇಲೆ ಅಪ್ಪ. ಅದರ ಪಕ್ಕ ಡ್ರೈವರನ ದಪ್ಪ ದಿಂಬು, ಅದನ್ನು ಹೆಂಡತಿ ಆರರಲ್ಲಿ ಒಂದು ಪಾಲಿಗೆ ಹೊಲಿದು ಕಳಿಸಿದ್ದಳು, ಅದರ ಮೇಲೆ ಮಗ. ಎರಡೂ ತಲೆ ಸರಿಸಮ. ಅಪ್ಪನ ಕೈ ಈ ಸಲ ಮಗನ ಹೆಗಲ ಮೇಲೆ ಕೂತಿತು. ಕುರ್ಚಿಯಲ್ಲಿ ಕೂತ ಗುಮಾಸ್ತ, ಬೆನ್ನಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ನನ್ನ ಫೋಟೋ ಯಾವಾಗ ತೆಗೆಯುತ್ತೀರಿ ಎಂಬ ಮುಖದಲ್ಲಿ ಇಬ್ಬರನ್ನೂ ನೋಡುತ್ತಿದ್ದ.

ತಮ್ಮ ಫೋನು ಹಿಡಿದು ಮೊಣಕಾಲೂರಿ ಕೂತ. ಇನ್ನೇನು ಕ್ಲಿಕ್ಕಿಸಬೇಕು, ಅಮ್ಮ ತಡೆದಳು. ಕುಂಡದ ಗಿಡವನ್ನು ಎತ್ತಿ ಪೆಟ್ಟಿಗೆಯ ಮುಂದೆ ಮರೆಯಾಗುವ ಹಾಗೆ ಇಟ್ಟಳು. ಪೆಟ್ಟಿಗೆ ಕಾಣೋದು ಬೇಡ, ಅವರಿಗೆ ಇಷ್ಟ ಆಗಲ್ಲ ಎಂದಳು. ಮದುವೆಯ ಫೋಟೋದಲ್ಲೂ ಅವರ ಕಾಲ ಮುಂದೆ ಒಂದು ಕುಂಡ ಇತ್ತು ಎಂದು ಆಗ ಅಕ್ಕನಿಗೆ ಹೊಳೆಯಿತು.

ತಮ್ಮ ಕೈ ಚಾಚಿ ಕುಂಡವನ್ನು ಪಕ್ಕಕ್ಕೆ ಸರಿಸಿದ. "ಕಾಣ್ಲಿ ಬಿಡಮ್ಮ. ನನ್ನ ದಿಂಬೂ ಕಾಣ್ತಿದೆಯಲ್ಲ."

ಅಮ್ಮ ಮದುವೆಯ ಫೋಟೋ ನೋಡಿದಳು, ಮಗನನ್ನು ನೋಡಿದಳು. ಕುಂಡವನ್ನು ಕೈಗೆತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಆಯ್ತು, ತೆಗಿ," ಎಂದಳು. "ನಾಳೆ ಅವರು ಕೇಳಿದ್ರೆ, ನಿಮ್ಮ ಮಗನೇ ಹೇಳ್ದ ಅಂತೀನಿ."